ವಾಚು ತೋರಿಸುವ ಕ್ಯಾಲೊರಿ: ಮಲೇಷ್ಯಾದ ಸೆಕೆಯಲ್ಲಿ ಲೆಕ್ಕ ಎಷ್ಟು ಸರಿ?

ಓಟ, ನಡಿಗೆ, ಜಿಮ್ ಕಸರತ್ತು ಮುಗಿದ ಕೂಡಲೇ ಸ್ಮಾರ್ಟ್‌ವಾಚ್ ತೋರಿಸುವ ಕ್ಯಾಲೊರಿ ಸಂಖ್ಯೆ ಒಂದು ಅಂದಾಜು. ದೇಹ ಖರ್ಚು ಮಾಡಿದ ಶಕ್ತಿಯನ್ನು ನಿಖರವಾಗಿ ತಿಳಿಯಬೇಕಾದರೆ ಮುಖಕ್ಕೆ ಮಾಸ್ಕ್ ಕಟ್ಟಿ, ಬಳಸಿದ ಆಮ್ಲಜನಕ ಎಷ್ಟು, ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಎಷ್ಟು ಎಂದು ಪ್ರಯೋಗಾಲಯದಲ್ಲಿ ಅಳೆಯಬೇಕು. ಮಣಿಕಟ್ಟಿನ ಸಾಧನಕ್ಕೆ ಆ ಅನುಕೂಲವಿಲ್ಲ. ಅಂದಾಜು ಎಲ್ಲೆಲ್ಲಿ ಎಡವಬಹುದು ಎಂಬುದಕ್ಕೆ ಮಲೇಷ್ಯಾ ಒಳ್ಳೆಯ ನಿದರ್ಶನ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಪ್ರಕಾರ 2019ರಲ್ಲಿ ವಯಸ್ಕರ ಪೈಕಿ ಶೇ 50.1ರಷ್ಟು ಮಂದಿಗೆ ಅಧಿಕ ತೂಕ ಅಥವಾ ಬೊಜ್ಜು ಇತ್ತು. 2023ರಲ್ಲಿ ಈ ಪ್ರಮಾಣ ಶೇ 54.4ಕ್ಕೆ ಏರಿತು. ತೂಕ ಇಳಿಸಲು ಹೊರಟವರು ವಾಚನ್ನು ನಂಬಿ ಊಟದ ಲೆಕ್ಕ ಹಾಕುವುದು ಸಹಜ. ಆ ಲೆಕ್ಕ ತಪ್ಪಿದರೆ ಪಟ್ಟ ಶ್ರಮಕ್ಕೆ ತಕ್ಕ ಫಲ ಸಿಗುವುದಿಲ್ಲ.

ಲೆಕ್ಕ ಹುಟ್ಟುವ ಬಗೆ

ವಾಚಿನ ತಳದ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಹಾಯಿಸುತ್ತದೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ನಾಡಿ ಮಿಡಿದಾಗ ರಕ್ತ ಹೆಚ್ಚಿ, ಮರಳುವ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತದಿಂದ ಹೃದಯ ಬಡಿತ ಸಿಗುತ್ತದೆ. ಒಳಗಿರುವ ಇನ್ನೊಂದು ಸೆನ್ಸರ್ ಕೈಯ ಅಲುಗಾಟವನ್ನು ಗುರುತಿಸುತ್ತದೆ. ಇವೆರಡಕ್ಕೂ ಬಳಕೆದಾರರು ತುಂಬಿದ ವಯಸ್ಸು, ಎತ್ತರ, ತೂಕ, ಲಿಂಗದ ವಿವರ ಸೇರಿಸಿ, ಕಂಪನಿಯ ಸೂತ್ರ ಕ್ಯಾಲೊರಿಯನ್ನು ಊಹಿಸುತ್ತದೆ.

70 ಕೆ.ಜಿ. ತೂಗುವ ವ್ಯಕ್ತಿ ಅರ್ಧ ಗಂಟೆ ಬಿರುಸಾಗಿ ನಡೆದರೆ ಸುಮಾರು 150 ಕ್ಯಾಲೊರಿ ಖರ್ಚಾಗುತ್ತದೆ. ಅದರಲ್ಲಿ 35 ಕ್ಯಾಲೊರಿ ಸುಮ್ಮನೆ ಕುಳಿತಿದ್ದರೂ ಖರ್ಚಾಗುತ್ತಿತ್ತು. ನಡಿಗೆಯ ಪಾಲು 115 ಮಾತ್ರ. ಮಲೇಷ್ಯಾದ ಬೀದಿ ಹೋಟೆಲುಗಳ ಒಂದು ರೋಟಿ ಚನಾಯ್‌ನಲ್ಲಿ ಸುಮಾರು 300 ಕ್ಯಾಲೊರಿ ಇರುತ್ತದೆ. ಒಟ್ಟು ಖರ್ಚಿನ ಸಂಖ್ಯೆ ನೋಡಿದರೆ ಅದನ್ನು ಕರಗಿಸಲು ಒಂದು ಗಂಟೆ ಸಾಕೆನಿಸುತ್ತದೆ. ವಾಸ್ತವದಲ್ಲಿ ಸುಮಾರು 80 ನಿಮಿಷ ಬೇಕು. ಆದ್ದರಿಂದ ವಾಚು ತೋರಿಸುವುದು ಒಟ್ಟು ಕ್ಯಾಲೊರಿಯನ್ನೋ, ಚಟುವಟಿಕೆಯ ಕ್ಯಾಲೊರಿಯನ್ನೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಯಾರ ದೇಹದ ಸೂತ್ರ?

ವಿಶ್ರಾಂತಿಯಲ್ಲಿರುವ ದೇಹ ಎಷ್ಟು ಶಕ್ತಿ ಬಳಸುತ್ತದೆ ಎಂಬ ಅಂದಾಜಿಗೆ 1985ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಸೂತ್ರಗಳ ಹಿಂದಿದ್ದ ದತ್ತಾಂಶದಲ್ಲಿ ಅರ್ಧದ ಹತ್ತಿರ ಇಟಲಿಯವರದು. ಉಷ್ಣವಲಯದ ಜನರ ವಿಶ್ರಾಂತಿ ಖರ್ಚು ಆ ಸೂತ್ರ ಹೇಳುವುದಕ್ಕಿಂತ ಕಡಿಮೆ ಎಂದು 1991ರಲ್ಲಿ ಸಂಶೋಧಕರಾದ ಹೆನ್ರಿ ಮತ್ತು ರೀಸ್ ತೋರಿಸಿದರು. 1998ರಲ್ಲಿ ಮಲೇಷ್ಯಾದ ಸಂಶೋಧಕರು ತಮ್ಮ ದೇಶದ ವಯಸ್ಕರನ್ನೇ ಅಳೆದು ಪ್ರತ್ಯೇಕ ಸೂತ್ರ ರೂಪಿಸಿದರು. ಅಂತರರಾಷ್ಟ್ರೀಯ ಸೂತ್ರ ಮಲೇಷ್ಯನ್ನರಿಗೆ ಹೆಚ್ಚು ಕ್ಯಾಲೊರಿ ತೋರಿಸುತ್ತದೆ ಎಂಬುದು ಅವರಿಗೂ ಕಂಡಿತು. ಎಲ್ಲಿಯದೋ ದೇಹಗಳಿಂದ ಪಡೆದ ಸೂತ್ರ ಎಲ್ಲರಿಗೂ ಒಗ್ಗುವುದಿಲ್ಲ ಎಂಬ ಈ ಪಾಠ ಭಾರತೀಯರಿಗೂ ಅನ್ವಯಿಸುತ್ತದೆ.

ಸೆಕೆ ಮತ್ತು ಆಟ

ಕ್ವಾಲಾಲಂಪುರದಲ್ಲಿ ವರ್ಷವಿಡೀ ಮಧ್ಯಾಹ್ನದ ತಾಪಮಾನ 32 ಡಿಗ್ರಿ ಸೆಲ್ಸಿಯಸ್ ಆಸುಪಾಸು; ಗಾಳಿಯಲ್ಲಿ ತೇವವೂ ಹೆಚ್ಚು. ಬೆವರು ಬೇಗ ಆರುವುದಿಲ್ಲ. ದೇಹವನ್ನು ತಂಪಾಗಿಸಲು ಹೃದಯ ಚರ್ಮದತ್ತ ಹೆಚ್ಚು ರಕ್ತ ಹರಿಸಬೇಕಾಗುತ್ತದೆ. ಬೆವರಿನಲ್ಲಿ ನೀರು ಹೋದಷ್ಟೂ ಬಡಿತ ಇನ್ನೂ ಏರುತ್ತದೆ. ಓಟದ ವೇಗ ಅಷ್ಟೇ, ಸ್ನಾಯುಗಳ ಕೆಲಸವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಬಡಿತವನ್ನು ನೆಚ್ಚಿಕೊಂಡ ವಾಚು ಹೆಚ್ಚು ಕ್ಯಾಲೊರಿ ಬರೆದುಕೊಳ್ಳುತ್ತದೆ. ಮಂಗಳೂರು, ಉಡುಪಿಯ ಬೇಸಿಗೆಯಲ್ಲಿ ಓಡುವವರಿಗೂ ಇದೇ ಆಗುತ್ತದೆ.

ಆಟದ ಬಗೆಯೂ ಲೆಕ್ಕ ಕೆಡಿಸಬಲ್ಲದು. ಮಲೇಷ್ಯನ್ನರ ಅಚ್ಚುಮೆಚ್ಚಿನ ಬ್ಯಾಡ್ಮಿಂಟನ್‌ನಲ್ಲಿ ರ‍್ಯಾಕೆಟ್ ಹಿಡಿದ ಕೈಗೂ ಇನ್ನೊಂದು ಕೈಗೂ ಚಲನೆ ಒಂದೇ ಅಲ್ಲ. ಚೆಂಡನ್ನು ಒದ್ದು ಬಲೆ ದಾಟಿಸುವ ಸೆಪಕ್ ತಕ್ರಾ ಆಟದಲ್ಲಿ ಕಾಲುಗಳೇ ಹೆಚ್ಚು ದುಡಿಯುತ್ತವೆ. ಕ್ವಾಲಾಲಂಪುರದ ಬಳಿಯ ಬಾಟು ಗುಹೆಗಳ 272 ಮೆಟ್ಟಿಲುಗಳನ್ನು ಕಂಬಿ ಹಿಡಿದು ಹತ್ತುವವರ ತೊಡೆ ನೋಯುತ್ತದೆ, ಆದರೆ ವಾಚು ಕಟ್ಟಿದ ಕೈ ಹೆಚ್ಚು ಅಲುಗುವುದಿಲ್ಲ. ಭಾರ ಎತ್ತುವಾಗ ಮಣಿಕಟ್ಟು ಬಿಗಿಯಾಗುವುದರಿಂದ ಬಡಿತದ ಎಣಿಕೆಯೂ ತಪ್ಪಬಹುದು.

ಪರೀಕ್ಷೆ ಹೇಳಿದ್ದು

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ 60 ಮಂದಿಯ ಮೇಲೆ ಏಳು ಸಾಧನಗಳನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಆರು ಸಾಧನಗಳು ಹೃದಯ ಬಡಿತವನ್ನು ಶೇ 5ಕ್ಕಿಂತ ಕಡಿಮೆ ತಪ್ಪಿನೊಂದಿಗೆ ಎಣಿಸಿದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲವೂ ಸೋತವು: ಅತ್ಯುತ್ತಮ ಸಾಧನದ ಸರಾಸರಿ ತಪ್ಪು ಶೇ 27, ಕೊನೆಯದರದು ಶೇ 93. ಕಪ್ಪು ಮೈಬಣ್ಣದವರಲ್ಲಿ, ತೂಕ ಹೆಚ್ಚಿದ್ದವರಲ್ಲಿ ತಪ್ಪಿನ ಪ್ರಮಾಣ ಇನ್ನೂ ಜಾಸ್ತಿಯಿತ್ತು. ಆ ಮಾದರಿಗಳು ಈಗ ಹಳೆಯವು, ಆದರೆ ಬಡಿತ ಮತ್ತು ಚಲನೆಯಿಂದ ಕ್ಯಾಲೊರಿಯನ್ನು ಊಹಿಸುವ ಕ್ರಮ ಬದಲಾಗಿಲ್ಲ.

ಸಾಧನ ಕಟ್ಟಿಕೊಂಡ ಮಾತ್ರಕ್ಕೆ ತೂಕ ಇಳಿಯುವುದೂ ಇಲ್ಲ. ಅಮೆರಿಕದಲ್ಲಿ 471 ಯುವಜನರ ಮೇಲೆ ಎರಡು ವರ್ಷ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾಧನ ಧರಿಸಿದವರು ಸರಾಸರಿ 3.5 ಕೆ.ಜಿ. ಇಳಿದರೆ, ಸಾಧನವಿಲ್ಲದೆ ಆಹಾರ, ವ್ಯಾಯಾಮದ ಸಲಹೆ ಪಾಲಿಸಿದವರು 5.9 ಕೆ.ಜಿ. ಇಳಿದರು.

ವಾಚನ್ನು ಬಿಸಾಡಬೇಕಿಲ್ಲ, ಅದರಿಂದ ಪಡೆಯಬೇಕಾದ್ದನ್ನು ಪಡೆದರೆ ಸಾಕು. ಮಣಿಗಂಟಿನ ಮೂಳೆಗಿಂತ ಒಂದು ಬೆರಳಗಲ ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಬೇಕು. ತೂಕ ಬದಲಾದಂತೆ ವಿವರ ತಿದ್ದಬೇಕು. ಒಂದೇ ವಾಚಿನಲ್ಲಿ, ಒಂದೇ ಹೊತ್ತಿನ, ಒಂದೇ ಬಗೆಯ ವ್ಯಾಯಾಮವನ್ನು ವಾರದಿಂದ ವಾರಕ್ಕೆ ಹೋಲಿಸಿದರೆ ಪ್ರಗತಿ ತಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಸೂಚಿಸಿದೆ. ನಿಮಿಷಗಳನ್ನು ಎಣಿಸುವುದರಲ್ಲಿ ವಾಚು ನಂಬಿಕಸ್ಥ. ಕ್ಯಾಲೊರಿಯ ಸಂಖ್ಯೆ ನೋಡಿ ತಟ್ಟೆಗೆ ಇನ್ನೊಂದು ರೋಟಿ ಹಾಕಿಕೊಳ್ಳುವುದನ್ನು ಮಾತ್ರ ಯಾರೂ ಮಾಡಬಾರದು.