ಪವರ್‌ಹೌಸ್ ಹೊಸಂಗಡಿಯಲ್ಲೇ ಇದ್ದರೂ ನಮ್ಮಲ್ಲಿ ಕರೆಂಟ್ ಹೋಗೋದ್ಯಾಕೆ? ಗುಡ್ಡದೊಳಗಿನ ವಾರಾಹಿ ಕೇಂದ್ರದ ಕಥೆ

ಹೊಸಂಗಡಿ: ಗಾಳಿಮಳೆ ಶುರುವಾದರೆ ಸಾಕು, ಸಿದ್ದಾಪುರ, ಹೊಸಂಗಡಿ ಕಡೆ ಅಂಗಡಿಗಳಲ್ಲಿ ಒಂದೇ ಮಾತು: "ಪವರ್‌ಹೌಸ್ ನಮ್ಮೂರಗೇ ಇತ್ತ್, ಕರೆಂಟ್ ಮಾತ್ರ ಇಲ್ಲೆ!" ಮಾತಿನಲ್ಲಿ ಸಿಟ್ಟೂ ಇದೆ, ನ್ಯಾಯವೂ ಇದೆ. ಆದರೆ ಬಾಳೆಬರೆ ಘಾಟಿ ಹತ್ತಿ ಇಳಿಯುವ ಹೆಚ್ಚಿನವರು ಆ ಪವರ್‌ಹೌಸನ್ನು ಕಣ್ಣಲ್ಲಿ ಕಂಡಿಲ್ಲ. ಕಾಣೋದೂ ಇಲ್ಲ, ಯಾಕೆಂದರೆ ಅದು ಇರುವುದು ಗುಡ್ಡದ ಹೊಟ್ಟೆಯೊಳಗೆ.

ನೀರು ಎಲ್ಲಿಂದ?

ಘಟ್ಟದ ಮೇಲೆ, ಹೊಸನಗರ ತಾಲೂಕಿನಲ್ಲಿ ವಾರಾಹಿಗೆ ಕಟ್ಟಿದ ಮಾಣಿ ಅಣೆಕಟ್ಟು ಇದೆ. ಅಲ್ಲಿ ನಿಂತ ಮಳೆನೀರು ಕೊನೆಗೆ ಬಂಡೆ ಕೊರೆದು ಮಾಡಿದ ದೊಡ್ಡ ಕೊಳವೆ ಮಾರ್ಗದಲ್ಲಿ ಕೆಳಕ್ಕೆ ಧುಮುಕುತ್ತದೆ. ಇಳಿತ 400 ಮೀಟರಿಗೂ ಹೆಚ್ಚು. ಅಂಗಡಿ ಮಾಡಿನ ಮೇಲಿರುವ ಸಾವಿರ ಲೀಟರಿನ ಟ್ಯಾಂಕ್ ನೆನಪು ಮಾಡಿಕೊಳ್ಳಿ. ಅಷ್ಟು ನೀರು 400 ಮೀಟರ್ ಇಳಿದರೆ ಸಿಗುವುದು ಹೆಚ್ಚುಕಮ್ಮಿ 1 ಯೂನಿಟ್ ಕರೆಂಟ್ ಅಷ್ಟೇ.

ಒಳಗೆ ಏನಿದೆ?

ಒಳಗೆ ಹೋಗಲು ಲಾರಿ ಓಡಾಡುವಷ್ಟು ಅಗಲದ ಸುರಂಗ ರಸ್ತೆ. ಅದರ ಕೊನೆಗೆ ಬಂಡೆಯನ್ನೇ ಕಡಿದು ಮಾಡಿದ ದೊಡ್ಡ ಸಭಾಂಗಣದಂಥ ಜಾಗ. ತಲೆ ಮೇಲೆ ಟನ್‌ಗಟ್ಟಲೆ ಭಾರ ಎತ್ತುವ ಕ್ರೇನ್, ಕೆಳಗೆ ಸಾಲಾಗಿ 4 ಯಂತ್ರ. ಒಂದೊಂದು 115 ಮೆಗಾವ್ಯಾಟ್, ಒಟ್ಟು 460. ಮೊದಲ ಯಂತ್ರ ಶುರುವಾದದ್ದು 1989ರಲ್ಲಿ, ನಾಲ್ಕೂ ಪೂರ್ತಿಯಾದದ್ದು 2009ರಲ್ಲಿ.

ಇಲ್ಲಿನ ಟರ್ಬೈನ್ ಪೆಲ್ಟನ್ ಮಾದರಿ. ಚಕ್ರದ ಸುತ್ತ ಬಟ್ಟಲುಗಳು. ಕಿರಿದಾದ ಬಾಯಿಯಿಂದ ಚಿಮ್ಮುವ ನೀರು ಬಟ್ಟಲಿಗೆ ಬಡಿದರೆ ಚಕ್ರ ಗಿರ್ರನೆ ತಿರುಗುತ್ತದೆ, ಜೊತೆಗೆ ಜನರೇಟರೂ. ನಾಲ್ಕೂ ಪೂರ್ತಿ ಓಡಿದರೆ ಗಂಟೆಗೆ 4.6 ಲಕ್ಷ ಯೂನಿಟ್. ಕಲ್ಲಿದ್ದಲು ಕೇಂದ್ರದ ಹಾಗೆ ಗಂಟೆಗಟ್ಟಲೆ ಕಾಯಬೇಕಿಲ್ಲ, ಕೆಲವೇ ನಿಮಿಷದಲ್ಲಿ ಶುರು ಮಾಡಬಹುದು. ಸಂಜೆ ರಾಜ್ಯದಲ್ಲೆಲ್ಲ ಲೈಟು, ಮಿಕ್ಸಿ, ಪಂಪು ಒಟ್ಟಿಗೇ ಆನ್ ಆಗುವಾಗ ಇಂಥ ಕೇಂದ್ರವೇ ಆಸರೆ.

ಗುಡ್ಡದೊಳಗೆ ಯಾಕೆ?

ಘಟ್ಟದ ಬುಡದಲ್ಲಿ ಸಮತಟ್ಟು ಜಾಗ ಕಮ್ಮಿ, ಮಳೆ ಜಾಸ್ತಿ, ಗುಡ್ಡ ಜರಿಯುವ ಹೆದರಿಕೆ ಬೇರೆ. ಗಟ್ಟಿ ಬಂಡೆಯೊಳಗೆ ಆದರೆ ನೀರಿನ ಒತ್ತಡವನ್ನು ಬಂಡೆಯೇ ತಡೆದುಕೊಳ್ಳುತ್ತದೆ, ಮೇಲಿನ ಕಾಡೂ ಅಷ್ಟು ಕಡಿಯಬೇಕಿಲ್ಲ.

ಆದರೆ ಒಳಗೆ ಕೆಲಸ ಮಾಡುವವರ ಕಷ್ಟವೇ ಬೇರೆ. ಹೊರಗಿನ ಗಾಳಿಯನ್ನು ಫ್ಯಾನಿನಿಂದಲೇ ಒಳಕ್ಕೆ ತರಬೇಕು, ಬಂಡೆಯಿಂದ ಒಸರುವ ನೀರನ್ನು ಪಂಪಿನಿಂದ ಹೊರಕ್ಕೆ ಹಾಕಬೇಕು. ಬೆಂಕಿ ಬಿದ್ದರೆ ಹೊಗೆ ಹೊರಗೆ ಹೋಗಲು ಕಿಟಕಿ ಇಲ್ಲ. 2020ರ ಆಗಸ್ಟ್ 20ರ ರಾತ್ರಿ ತೆಲಂಗಾಣದ ಶ್ರೀಶೈಲಂ ಎಡದಂಡೆ ಭೂಗತ ಕೇಂದ್ರದಲ್ಲಿ ಬೆಂಕಿ ಬಿದ್ದು, ಹೊಗೆ ತುಂಬಿ 9 ಮಂದಿ ಒಳಗೇ ಜೀವ ಬಿಟ್ಟರು. ಇಂಥ ಕಡೆ ಸಾರ್ವಜನಿಕರನ್ನು ಸುಮ್ಮನೆ ಒಳಗೆ ಬಿಡದಿರುವುದಕ್ಕೆ ಇದೂ ಒಂದು ಕಾರಣ.

ಹಾಗಾದ್ರೆ ನಮ್ಮ ಕರೆಂಟ್?

ಇಲ್ಲಿ ಹುಟ್ಟಿದ ಕರೆಂಟ್ ನೇರ ನಮ್ಮ ಅಂಗಡಿಗೆ ಬರುವುದಿಲ್ಲ. ಟ್ರಾನ್ಸ್‌ಫಾರ್ಮರಿನಲ್ಲಿ ಒತ್ತಡ 220 ಕಿಲೋವೋಲ್ಟ್‌ಗೆ ಏರಿ, ದೊಡ್ಡ ಟವರ್ ಲೈನಿನಲ್ಲಿ ರಾಜ್ಯದ ಗ್ರಿಡ್ ಸೇರುತ್ತದೆ. ಅಲ್ಲಿಂದ ಸಬ್‌ಸ್ಟೇಷನ್‌ಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಮೆಸ್ಕಾಂನ 11 ಕಿಲೋವೋಲ್ಟ್ ಲೈನಿನಲ್ಲಿ ಕಾಡು, ತೋಟ ದಾಟಿ ಪೇಟೆಗೆ ಬರುತ್ತದೆ. ಮರದ ಗೆಲ್ಲು ಬೀಳುವುದು, ಕಂಬ ಮುರಿಯುವುದು ಹೆಚ್ಚಾಗಿ ಈ ಕೊನೆಯ ದಾರಿಯಲ್ಲಿ. ಗುಡ್ಡದೊಳಗೆ ನಾಲ್ಕೂ ಯಂತ್ರ ಓಡುತ್ತಿದ್ದರೂ, ಬೀದಿ ತುದಿಯ ಒಂದು ತಂತಿ ಕಡಿದರೆ ಅಂಗಡಿಯ ಫ್ರಿಜ್ ಬಂದ್.

ಹಾಗಾಗಿ ಕರೆಂಟ್ ಹೋದಾಗ ಪವರ್‌ಹೌಸಿಗೆ ಬೈದು ಪ್ರಯೋಜನ ಇಲ್ಲ. ಮಳೆಗಾಲಕ್ಕೆ ಮುಂಚೆ ಲೈನಿನ ಮೇಲಿನ ಗೆಲ್ಲು ಕಡಿದಿದ್ದಾರಾ, ಹಳೆ ಕಂಬ ಬದಲಿಸಿದ್ದಾರಾ ಅಂತ ಮೆಸ್ಕಾಂ ಶಾಖಾ ಕಚೇರಿಯಲ್ಲಿ ಕೇಳಬೇಕು, ಬರಹದಲ್ಲಿ ಅರ್ಜಿ ಕೊಡಬೇಕು.

ಇನ್ನೊಂದು ಮಾತು. ಯಂತ್ರ ತಿರುಗಿಸಿದ ನೀರು ಸುರಂಗದಿಂದ ಹೊರಬಂದು ಮತ್ತೆ ವಾರಾಹಿಯನ್ನೇ ಸೇರುತ್ತದೆ. ಯಂತ್ರ ಯಾವಾಗ ಶುರುವಾಗುತ್ತದೆಂದು ಹೊಳೆಗೆ ಇಳಿದವರಿಗೆ ಗೊತ್ತಾಗುವುದಿಲ್ಲ. ಮಳೆ ಇಲ್ಲದ ದಿನವೂ ಪವರ್‌ಹೌಸಿನ ಕೆಳಗೆ ಹೊಳೆಯಲ್ಲಿ ನೀರು ಏರಬಹುದು. ಮೀನು ಹಿಡಿಯುವವರು, ಈಜಲು ಹೋಗುವ ಮಕ್ಕಳು ಜಾಗ್ರತೆ.