ಯುಗೋಸ್ಲಾವಿಯದಲ್ಲಿ ಪ್ರಾಂತಗಳ ತಾರತಮ್ಯವೂ ಜನಾಂಗಗಳ ವೈಮನಸ್ಯವೂ

ಹೊಗೆಯಿರುವಲ್ಲೆಲ್ಲ ಬೆಂಕಿಯುಂಟು, ಬೆಂಕಿಯಿರುವಲ್ಲೆಲ್ಲ ಹೊಗೆಯಿರಬೇಕೆಂಬ ನಿಯಮವಿಲ್ಲ. ಹೊಗೆಯೇಳಲು ಹಸಿಯ ಸೌದೆಯ ಸಂಯೋಗವೂ ಬೇಕು. ಇದನ್ನೇ ನೈಯಾಯಿಕರು ಉಪಾಧಿಯೆಂದು ಕರೆಯುವರು. ಒಂದು ದೇಶದ ಪ್ರಾಂತಗಳಲ್ಲಿ ಸಿರಿತನ ಬಡತನಗಳ ತಾರತಮ್ಯವಿದ್ದ ಮಾತ್ರಕ್ಕೆ ಜನಾಂಗಗಳಲ್ಲಿ ವೈರ ಹುಟ್ಟುವುದೆಂಬ ವಾದದಲ್ಲಿಯೂ ಇಂತಹ ಉಪಾಧಿಯೊಂದು ಅಡಗಿರುವುದು. 1945 ರಲ್ಲಿ ಸ್ಥಾಪಿತವಾಗಿ 1991 ರಿಂದ ಒಡೆಯತೊಡಗಿದ ಸಮಾಜವಾದಿ ಯುಗೋಸ್ಲಾವಿಯದ ಚರಿತ್ರೆಯಿಂದ ಇದು ಸ್ಪಷ್ಟವಾಗುತ್ತದೆ.

ಆ ಸಂಯುಕ್ತರಾಜ್ಯದಲ್ಲಿ ಸ್ಲೊವೇನಿಯ, ಕ್ರೊಯೇಷಿಯ, ಬಾಸ್ನಿಯ-ಹರ್ಜೆಗೊವಿನ, ಸೆರ್ಬಿಯ, ಮಾಂಟೆನೆಗ್ರೊ, ಮ್ಯಾಸಿಡೋನಿಯ ಎಂಬ ಆರು ಗಣರಾಜ್ಯಗಳೂ, ಸೆರ್ಬಿಯದೊಳಗೆ ವೊಯ್ವೊದಿನ, ಕೊಸೊವೊ ಎಂಬ ಎರಡು ಸ್ವಯಮಾಡಳಿತದ ಪ್ರಾಂತಗಳೂ ಇದ್ದುವು. ವಾಯವ್ಯದಲ್ಲಿ ಆಸ್ಟ್ರಿಯ-ಹಂಗರಿಗಳ ಆಳಿಕೆಯಲ್ಲಿದ್ದ ನಾಡುಗಳಲ್ಲಿ ರೈಲುದಾರಿ, ಕಾರ್ಖಾನೆ, ಶಾಲೆಗಳು ಮೊದಲೇ ನೆಲೆಗೊಂಡಿದ್ದುವು. ತುರ್ಕರ ಆಳಿಕೆಯು ಬಹುಕಾಲ ನಿಂತಿದ್ದ ದಕ್ಷಿಣದಲ್ಲಿ ಅವು ವಿರಳವಾಗಿದ್ದುವು. ಈ ಅಂತರವನ್ನು ತಗ್ಗಿಸುವುದಕ್ಕಾಗಿ 1965 ರಲ್ಲಿ ಕೇಂದ್ರನಿಧಿಯೊಂದು ಏರ್ಪಟ್ಟಿತು. ಪ್ರತಿಯೊಂದು ಗಣರಾಜ್ಯವೂ ತನ್ನ ಉತ್ಪನ್ನದಲ್ಲಿ ನೂರಕ್ಕೆ 2 ಕ್ಕಿಂತ ತುಸು ಕಡಮೆಯಾದ ಪಾಲನ್ನು ಇದಕ್ಕೆ ಸಲ್ಲಿಸಬೇಕಾಗಿದ್ದಿತು. ಬಾಸ್ನಿಯ, ಮ್ಯಾಸಿಡೋನಿಯ, ಮಾಂಟೆನೆಗ್ರೊ, ಕೊಸೊವೊಗಳು ಇದರಿಂದ ಸಾಲ ಪಡೆಯುತ್ತಿದ್ದುವು.

ಆದರೂ ಅಂತರವು ತಗ್ಗದೆ ಹೆಚ್ಚಿತು. 1950 ರ ದಶಕದಲ್ಲಿ ತಲೆಯೊಂದಕ್ಕೆ ಸ್ಲೊವೇನಿಯದ ಉತ್ಪನ್ನವು ಕೊಸೊವೊದಕ್ಕಿಂತ ಸುಮಾರು ನಾಲ್ಕು ಮಡಿಯಿದ್ದುದು 1980 ರ ದಶಕದ ಕೊನೆಗೆ ಏಳು ಮಡಿಯನ್ನು ಮೀರಿತು. ಕೊಸೊವೊದಲ್ಲಿ ಹಣವು ಬಹುಮಟ್ಟಿಗೆ ಗಣಿ, ವಿದ್ಯುಚ್ಛಕ್ತಿಗಳಲ್ಲಿ ತೊಡಗಿದುದರಿಂದ ಬಂಡವಾಳ ಹೆಚ್ಚಾಗಿಯೂ ಉದ್ಯೋಗ ಕಡಮೆಯಾಗಿಯೂ ಪರಿಣಮಿಸಿತು. 1948 ರಿಂದ 1981 ರೊಳಗೆ ಅಲ್ಲಿನ ಜನಸಂಖ್ಯೆ ಇಮ್ಮಡಿಯನ್ನು ಮೀರಿತು.

ಈ ಕಲಹಕ್ಕೆ ಕಾರಣ ಹೇಳುವವರಲ್ಲಿ ಎರಡು ಪಕ್ಷಗಳುಂಟು. ಜನಾಂಗಗಳ ಪುರಾತನದ್ವೇಷವೇ ಕಾರಣವೆಂಬುದು ಮೊದಲನೆಯದು. 1941-45 ರ ಘೋರಹತ್ಯೆಗಳ ನೆನಪು ಮಾಸಿರಲಿಲ್ಲವೆಂಬುದು ದಿಟ. ಆದರೆ ಅದೇ ನೆನಪುಳ್ಳ ಜನರು ನಾಲ್ಕು ದಶಕಗಳ ಕಾಲ ಕೂಡಿ ಬಾಳಿದುದು ಹೇಗೆಂಬುದಕ್ಕೆ ಈ ಪಕ್ಷದಲ್ಲಿ ಸಮಾಧಾನವಿಲ್ಲ. ಬಡತನವೇ ಕಾರಣವೆಂಬುದು ಎರಡನೆಯದು. ಹಾಗಿದ್ದರೆ ಬಡವರೇ ಮೊದಲು ಅಗಲಬೇಕಾಗಿದ್ದಿತು. 1991 ರ ಜೂನ್ 25 ರಂದು ಸ್ವಾತಂತ್ರ್ಯವನ್ನು ಸಾರಿದುವು ಸಿರಿವಂತವಾದ ಸ್ಲೊವೇನಿಯ, ಕ್ರೊಯೇಷಿಯಗಳು. ಅದೇ ತಿಂಗಳ ಮೊದಲಲ್ಲಿ ಸಂಯುಕ್ತರಾಜ್ಯವನ್ನು ಉಳಿಸುವ ಯೋಜನೆಯೊಂದನ್ನು ಮುಂದಿಟ್ಟವರು ಬಡ ಗಣರಾಜ್ಯಗಳಾದ ಬಾಸ್ನಿಯ, ಮ್ಯಾಸಿಡೋನಿಯಗಳ ಅಧ್ಯಕ್ಷರು.

ವಸ್ತುತಃ ಕೊಡುವವರೂ ಪಡೆಯುವವರೂ ತಾವೇ ವಂಚಿತರೆಂದು ತಿಳಿದಿದ್ದರು. ತಮ್ಮ ದುಡಿಮೆಯ ಫಲ ದಕ್ಷಿಣದಲ್ಲಿ ಪೋಲಾಗುವುದೆಂದು ಉತ್ತರದವರೂ, ಖನಿಜಗಳನ್ನು ಅಗ್ಗವಾಗಿ ಕೊಂಡು ಸಿದ್ಧವಸ್ತುಗಳನ್ನು ತುಟ್ಟಿಯಾಗಿ ಮಾರುತ್ತಾರೆಂದು ದಕ್ಷಿಣದವರೂ ದೂರಿದರು. 1986 ರಲ್ಲಿ ಬಯಲಿಗೆ ಬಂದ ಸೆರ್ಬಿಯದ ವಿಜ್ಞಾನ-ಕಲಾ ಅಕಾಡೆಮಿಯ ಜ್ಞಾಪನಪತ್ರವು ಸೆರ್ಬಿಯವು ಸ್ಲೊವೇನಿಯ, ಕ್ರೊಯೇಷಿಯಗಳಿಗೆ ಆರ್ಥಿಕವಾಗಿ ಅಧೀನವಾಯಿತೆಂದು ವಾದಿಸಿತು.

ಈ ಕಲಹದಲ್ಲಿ ವಿದ್ವತ್ಪರಿಷತ್ತುಗಳ ಪಾತ್ರವು ಸಾಹಿತ್ಯಾಭ್ಯಾಸಿಗಳು ಲಕ್ಷಿಸತಕ್ಕದ್ದು. 1954 ರಲ್ಲಿ ನೊವಿ ಸಾದ್ ನಗರದಲ್ಲಿ ನೆರೆದ ಪಂಡಿತರು ಸೆರ್ಬರ, ಕ್ರೊಯೇಟರ, ಮಾಂಟೆನೆಗ್ರಿನರ ಭಾಷೆ ಒಂದೇ, ಅದರ ಎರಡು ಲಿಪಿಗಳೂ ಸಮಾನವೆಂದು ನಿರ್ಣಯಿಸಿದರು. 1967 ರಲ್ಲಿ ಕ್ರೊಯೇಷಿಯದ ಸಾಹಿತ್ಯಸಂಸ್ಥೆಗಳು ತಮ್ಮ ಭಾಷೆಗೆ ಪ್ರತ್ಯೇಕವಾದ ಹೆಸರೂ ಸ್ಥಾನವೂ ಬೇಕೆಂದು ಘೋಷಿಸಿದುವು. 1971 ರಲ್ಲಿ ಅಲ್ಲಿನ ಮಾತಿತ್ಸಾ ಹ್ರವಾತ್ಸ್ಕಾ ಎಂಬ ಸಂಸ್ಥೆಯು ಹಿಂದಿನ ನಿರ್ಣಯವನ್ನು ತ್ಯಜಿಸಿತು. ಪ್ರವಾಸಿಗರಿಂದಲೂ ಹೊರನಾಡಿನಲ್ಲಿ ದುಡಿಯುವವರಿಂದಲೂ ಬರುವ ವಿದೇಶೀ ಹಣವು ಕ್ರೊಯೇಷಿಯದಲ್ಲಿಯೇ ಉಳಿಯಬೇಕೆಂಬ ಕೂಗೂ ಆ ವರ್ಷದ ಚಳವಳಿಯಲ್ಲಿಯೇ ಕೇಳಿಬಂದಿತು. ಲೆಕ್ಕದ ಪ್ರಶ್ನೆಯೂ ನುಡಿಯ ಪ್ರಶ್ನೆಯೂ ಹೀಗೆ ಒಂದೇ ಹಗ್ಗದ ಎರಡು ಎಳೆಗಳಾದುವು.

ಹಾಗಾದರೆ ಉಪಾಧಿ ಯಾವುದು? ಆರ್ಥಿಕನ್ಯಾಯವನ್ನು ಕೇಳುವುದಕ್ಕೆ ಜನಾಂಗದ ಹೆಸರೊಂದನ್ನುಳಿದು ಬೇರೆ ಬಾಗಿಲೇ ಇಲ್ಲದಿದ್ದುದು. ಒಂದೇ ಪಕ್ಷದ ಆಳಿಕೆಯಾದುದರಿಂದ ಎಲ್ಲ ಪ್ರಾಂತಗಳ ಬಡವರನ್ನೂ ಕೂಡಿಸುವ ಬೇರೊಂದು ಪಕ್ಷವು ಹುಟ್ಟುವಂತಿರಲಿಲ್ಲ. ಕೇಂದ್ರನಿಧಿಯೂ ಗಣರಾಜ್ಯಗಳನ್ನೂ ಕೊಸೊವೊವನ್ನೂ ಲೆಕ್ಕಿಸಿತಲ್ಲದೆ ಬಡಜಿಲ್ಲೆಗಳನ್ನು ಲೆಕ್ಕಿಸಲಿಲ್ಲ. ಆದುದರಿಂದ ದಕ್ಷಿಣ ಸೆರ್ಬಿಯದ ಬಡವನಿಗೂ ನೆರೆಯ ಕೊಸೊವೊದ ಬಡವನಿಗೂ ಸಮಾನವಾದ ಹಕ್ಕುಂಟಾಗಲಿಲ್ಲ. 1974 ರ ಸಂವಿಧಾನವು ಮುಖ್ಯವಾದ ಆರ್ಥಿಕವಿಷಯಗಳಲ್ಲಿ ಎಲ್ಲ ಗಣರಾಜ್ಯಗಳ ಮತ್ತು ಪ್ರಾಂತಗಳ ಸಮ್ಮತಿಯನ್ನು ವಿಧಿಸಿದ ಮೇಲೆ ಪ್ರತಿಯೊಂದು ಆಯವ್ಯಯವೂ ಜನಾಂಗಗಳ ಚೌಕಾಸಿಯಾಯಿತು. 1981 ರ ಮಾರ್ಚಿಯಲ್ಲಿ ಪ್ರಿಷ್ಟಿನದ ವಿದ್ಯಾರ್ಥಿಗಳು ಊಟದ ವ್ಯವಸ್ಥೆಯ ವಿಷಯದಲ್ಲಿ ಎಬ್ಬಿಸಿದ ದೂರು ಕೆಲವೇ ವಾರಗಳಲ್ಲಿ ಕೊಸೊವೊಕ್ಕೆ ಗಣರಾಜ್ಯಪದವಿ ಬೇಕೆಂಬ ಘೋಷವಾದುದು ಇದಕ್ಕೆ ತಕ್ಕ ಉದಾಹರಣೆ.

ಆದುದರಿಂದ ತಾರತಮ್ಯವನ್ನು ಬಿಟ್ಟು ದ್ವೇಷವನ್ನೇ ಹೇಳುವವರು ಬೆಂಕಿಯನ್ನು ಕಾಣರು. ತಾರತಮ್ಯವೊಂದನ್ನೇ ಹೇಳುವವರು ಹಸಿಯ ಸೌದೆಯನ್ನು ಕಾಣರು. ಸಂಯುಕ್ತರಾಜ್ಯವು ಹಣವನ್ನು ಹಂಚಿದರೆ ಸಾಲದು. ಹಸಿದವನು ತನ್ನ ಕುಲವನ್ನು ಹೇಳಿಕೊಳ್ಳದೆಯೇ ಹಸಿವನ್ನು ಹೇಳಿಕೊಳ್ಳಬಲ್ಲ ಸಭೆಯನ್ನೂ ಕಟ್ಟಬೇಕು.