ಅಸಲು ಯಾವುದು, ನಕಲು ಯಾವುದು?

ದಮಯಂತಿಯ ಸ್ವಯಂವರದ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಒಬ್ಬ ನಳನಿರಬೇಕಾದ ಮಂಟಪದಲ್ಲಿ ಐವರು ನಳರು ಕುಳಿತಿದ್ದರು. ಇಂದ್ರ, ಅಗ್ನಿ, ವರುಣ, ಯಮ, ಈ ನಾಲ್ವರು ನಳನ ರೂಪವನ್ನೇ ತಾಳಿ ಬಂದಿದ್ದರು. ದಮಯಂತಿಯು ಆ ದೇವತೆಗಳನ್ನೇ ಮೊರೆಹೊಕ್ಕಾಗ ಅವರು ತಮ್ಮ ಲಕ್ಷಣಗಳನ್ನು ತೋರಿದರು: ಬೆವರದ ಮೈ, ಎವೆಯಿಕ್ಕದ ಕಣ್ಣು, ಬಾಡದ ಹೂಮಾಲೆ, ನೆಲ ಸೋಂಕದ ಪಾದ. ಇವಾವುವೂ ಇಲ್ಲದವನೇ ನಳನೆಂದು ತಿಳಿದು ಆಕೆ ಮಾಲೆ ಹಾಕಿದಳು. ಇಲ್ಲಿ ಗಮನಿಸತಕ್ಕ ಒಂದಂಶವುಂಟು. ಗುರುತು ಕಾಣಿಸಿದ್ದು ಅಸಲಿನಲ್ಲಲ್ಲ, ನಕಲುಗಳಲ್ಲಿ. ಅದೂ ಅವು ತೋರಿಸಿದ್ದರಿಂದ.

ಪುರಾಣದ ಈ ತೊಡಕು ಈಗ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರ ನಿತ್ಯದ ತೊಡಕಾಗಿದೆ. ಕಲಾ ಕಾಲೇಜಿನವರಿಗೆ ಇದೇಕೆ ಎಂದು ಮಿತ್ರರು ಕೇಳಬಹುದು. ನಾವು ತುಂಬುವ ಪ್ರವೇಶದ ಅರ್ಜಿ, ಪರೀಕ್ಷೆಯ ಅಂಕ, ವಿದ್ಯಾರ್ಥಿವೇತನದ ಲೆಕ್ಕ ಇವೆಲ್ಲ ಎಲ್ಲೋ ಒಂದು ಸರ್ವರಿನಲ್ಲಿ ಕುಳಿತಿರುವಾಗ, ಅದನ್ನು ನಡೆಸುವವನ ಕೈತಪ್ಪು ನಮ್ಮನ್ನೂ ಮುಟ್ಟದೆ ಬಿಡುವುದಿಲ್ಲ.

ಮೊದಲು ‘ವರ್ಚುಯಲ್ ಮೆಷಿನ್’ ಎಂದರೇನೆಂಬುದನ್ನು ಹೇಳಬೇಕು. ಒಂದು ದೊಡ್ಡ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನ ಬಲದಿಂದಲೇ ಹಲವು ಕಂಪ್ಯೂಟರುಗಳಿರುವಂತೆ ಮಾಡಬಹುದು. ಒಂದೊಂದಕ್ಕೂ ತನ್ನದೇ ಸ್ಮೃತಿ, ತನ್ನದೇ ಡಿಸ್ಕು, ತನ್ನದೇ ಹೆಸರು ಇರುತ್ತವೆ. ಐ.ಬಿ.ಎಂ. ಸಂಸ್ಥೆಯು ೧೯೬೦ರ ದಶಕದಲ್ಲಿಯೇ ಇದನ್ನು ಸಾಧಿಸಿ, ೧೯೭೨ರಲ್ಲಿ ವಿ.ಎಂ./೩೭೦ ಎಂಬ ಹೆಸರಿನಿಂದ ಹೊರತಂದಿತು. ೧೯೯೯ರಲ್ಲಿ ವಿಎಂವೇರ್ ಎಂಬ ಕಂಪೆನಿಯು ಸಾಮಾನ್ಯ ಮೇಜಿನ ಕಂಪ್ಯೂಟರಿಗೂ ಈ ವಿದ್ಯೆಯನ್ನು ತಂದಿತು. ಇಂಥ ಯಂತ್ರವು ಒಳಗಿನಿಂದ ಯಂತ್ರವಾದರೂ ಹೊರಗಿನಿಂದ ಕೆಲವು ಫೈಲುಗಳು ಮಾತ್ರ. ಫೈಲನ್ನು ನಕಲು ಮಾಡಿದರೆ ಯಂತ್ರವೇ ನಕಲಾಯಿತು!

ನಕಲು ಬೇಕಾಗುವುದು ಪ್ರಯೋಗಕ್ಕೆ. ಹೊಸ ತಿದ್ದುಪಡಿಯನ್ನು ಜನರು ಬಳಸುತ್ತಿರುವ ಸರ್ವರಿನ ಮೇಲೆ ಮೊದಲೇ ಹಾಕುವುದು ಅವಿವೇಕ. ಅಂತೆಯೇ, ಕಾದಿಟ್ಟ ಬ್ಯಾಕಪ್ ನಿಜವಾಗಿಯೂ ಎದ್ದು ನಡೆಯುತ್ತದೆಯೇ ಎಂಬುದನ್ನು ಎಬ್ಬಿಸಿ ನೋಡದೆ ತಿಳಿಯುವುದಿಲ್ಲ. ಆದುದರಿಂದ ಒಂದು ಪ್ರತಿಯನ್ನು ಹೊರಗಿನ ಸಂಪರ್ಕವಿಲ್ಲದ ಆವರಣದೊಳಗೆ ಎಬ್ಬಿಸುತ್ತಾರೆ. ಮಕ್ಕಳು ಆಡುವ ಮರಳಿನ ತೊಟ್ಟಿಯ ಹೆಸರನ್ನೇ ಇದಕ್ಕಿಟ್ಟು ‘ಸ್ಯಾಂಡ್‌ಬಾಕ್ಸ್’ ಎನ್ನುತ್ತಾರೆ. ಪ್ರತಿಯು ಅಸಲನ್ನು ಎಷ್ಟು ಹೋಲಿದರೆ ಪ್ರಯೋಗವು ಅಷ್ಟು ವಿಶ್ವಾಸಾರ್ಹ. ಎಷ್ಟು ಹೋಲಿದರೆ ಅಪಾಯವೂ ಅಷ್ಟೇ.

ಅಪಾಯದ ಸ್ವರೂಪವನ್ನು ತಿಳಿಯಲು ಗಿಟ್‌ಲ್ಯಾಬ್ ಎಂಬ ಕಂಪೆನಿಯ ಉದಾಹರಣೆ ಸಾಕು. ಅವರ ಮುಖ್ಯ ದತ್ತಸಂಗ್ರಹದ ಸರ್ವರಿಗೆ ಡಿಬಿ೧ ಎಂದೂ ಅದರ ಜೊತೆಪ್ರತಿಗೆ ಡಿಬಿ೨ ಎಂದೂ ಹೆಸರು. ಉಳಿದ ಅಕ್ಷರಗಳೆಲ್ಲ ಒಂದೇ. ೨೦೧೭ರ ಜನವರಿ ೩೧ರ ರಾತ್ರಿ, ಹಿಂದುಳಿದಿದ್ದ ಜೊತೆಪ್ರತಿಯನ್ನು ಹೊಸದಾಗಿ ತುಂಬಬೇಕೆಂದು ಒಬ್ಬ ಇಂಜಿನಿಯರು ಅದರ ದತ್ತವನ್ನು ಅಳಿಸಲು ಹೊರಟರು. ಆಜ್ಞೆ ಕೊಟ್ಟದ್ದು ಡಿಬಿ೧ರ ಮೇಲೆ. ಒಂದೆರಡು ಸೆಕೆಂಡುಗಳಲ್ಲಿಯೇ ತಿಳಿದು ತಡೆದರಾದರೂ, ಸುಮಾರು ೩೦೦ ಗಿಗಾಬೈಟುಗಳಲ್ಲಿ ಉಳಿದದ್ದು ನಾಲ್ಕೂವರೆ ಮಾತ್ರ. ಬ್ಯಾಕಪ್ಪುಗಳತ್ತ ತಿರುಗಿದರೆ ಅವು ಕೆಲವು ಕಾಲದಿಂದ ಆಗುತ್ತಲೇ ಇರಲಿಲ್ಲ. ವಿಫಲವಾಗಿದೆಯೆಂದು ತಿಳಿಸುವ ಪತ್ರಗಳೂ ತಲಪಿರಲಿಲ್ಲ. ಕೊನೆಗೆ ಕಾಪಾಡಿದ್ದು ಯಾವುದು? ಸುಮಾರು ಆರು ಗಂಟೆಗಳ ಹಿಂದೆ ಪ್ರಯೋಗದ ಸರ್ವರಿಗೆಂದು ಕೈಯಾರೆ ತೆಗೆದಿದ್ದ ಒಂದು ಪ್ರತಿ. ಆ ಆರು ಗಂಟೆಗಳ ಬರಹವಷ್ಟೇ ನಷ್ಟವಾಯಿತು. ಇಲ್ಲಿ ಬೆರೆತದ್ದು ಅಸಲು ಮತ್ತು ಅದರ ಜೊತೆಪ್ರತಿ, ಪ್ರಯೋಗದ ಪ್ರತಿಯಲ್ಲ ಎಂಬುದು ನಿಜ. ಆದರೆ ಕಣ್ಣು ಮೋಸಹೋದ ಬಗೆ ಒಂದೇ. ಆ ಸಂಸ್ಥೆಯು ತನ್ನ ತಪ್ಪನ್ನು ಮುಚ್ಚಿಡದೆ ಲೋಕಕ್ಕೆ ವಿವರಿಸಿದ್ದು ಮೆಚ್ಚತಕ್ಕದ್ದು.

ಆಗ ಅವರಿಗೆ ತೋಚಿದ ಉಪಾಯಗಳಲ್ಲೊಂದು, ಆಜ್ಞೆ ಬರೆಯುವ ಸಾಲಿಗೆ ಬಣ್ಣ ಕೊಡುವುದು: ಅಸಲಿಗೆ ಕೆಂಪು, ಪ್ರಯೋಗದ್ದಕ್ಕೆ ಹಳದಿ. ಒಳ್ಳೆಯ ಉಪಾಯವೇ. ಆದರೆ ಯಂತ್ರವನ್ನು ಇಡಿಯಾಗಿ ನಕಲು ಮಾಡಿದಾಗ ಆ ಕೆಂಪೂ ನಕಲಾಗುತ್ತದಲ್ಲ! ಹೆಸರು, ವಿಳಾಸ, ಗುಪ್ತಪದ, ಪರದೆಯ ಚಿತ್ರ ಎಲ್ಲವೂ ಜೊತೆಯಲ್ಲಿಯೇ ಹೋಗುತ್ತವೆ. ಪ್ರಯೋಗದ ಪ್ರತಿ ಕೆಂಪಾಗಿ ಕಂಡರೆ ಆ ಹೊತ್ತಿಗೆ ಹಾನಿಯಿಲ್ಲ. ಆದರೆ ದಿನವೂ ಕೆಂಪನ್ನು ನೋಡಿ ನಿರ್ಭಯವಾಗಿ ಅಳಿಸಿ ಬರೆದು ಅಭ್ಯಾಸವಾದವನಿಗೆ, ನಿಜವಾದ ಕೆಂಪು ಬಂದ ದಿನ ಕೈ ನಡುಗುವುದಿಲ್ಲ.

ಹಾಗಾದರೆ ಗುರುತು ಎಲ್ಲಿಂದ ಬರಬೇಕು? ಯಂತ್ರದ ಹೊರಗಿನಿಂದ. ನಕಲು ಮಾಡಿದ ಯಂತ್ರವನ್ನು ಎಬ್ಬಿಸುವಾಗ ವಿಎಂವೇರ್ ಒಂದು ಪ್ರಶ್ನೆ ಕೇಳುವುದುಂಟು: ಇದನ್ನು ಸ್ಥಳಾಂತರಿಸಿದಿರೋ, ನಕಲು ಮಾಡಿದಿರೋ? ನಕಲೆಂದರೆ ಹೊಸ ಗುರುತಿನ ಸಂಖ್ಯೆಯನ್ನೂ ಜಾಲದ ಕಾರ್ಡಿಗೆ ಹೊಸ ವಿಳಾಸವನ್ನೂ ಕೊಡುತ್ತದೆ. ಯಂತ್ರ ಏಳುವಾಗಲೇ ಒಂದು ಚಿಕ್ಕ ಪ್ರೋಗ್ರಾಮು ಈ ಸಂಖ್ಯೆಯನ್ನು ಅಸಲಿನದರೊಡನೆ ಹೋಲಿಸಿ, ಬೇರೆಯಾಗಿದ್ದರೆ ಬಣ್ಣ ಬದಲಿಸಿ, ರಾತ್ರಿಯ ಕೆಲಸಗಳನ್ನೆಲ್ಲ ನಿಲ್ಲಿಸಬಹುದು. ಇಷ್ಟರಿಂದಲೂ ಸಂಶಯ ತೀರದು. ಬೆಂಕಿಯಲ್ಲೋ ನೆರೆಯಲ್ಲೋ ಅಸಲು ಹಾಳಾಗಿ ಬ್ಯಾಕಪ್ಪಿನಿಂದಲೇ ಹೊಸ ಅಸಲನ್ನು ಎಬ್ಬಿಸಿದ ದಿನ ಅದಕ್ಕೂ ಹೊಸ ಸಂಖ್ಯೆಯಿರಬಹುದು. ನನ್ನ ಅಭಿಪ್ರಾಯ ಇಷ್ಟು: ಸಂಶಯ ಬಂದಾಗ ಯಂತ್ರವು ತನ್ನನ್ನು ನಕಲೆಂದೇ ತಿಳಿದು ಸುಮ್ಮನಿರಲಿ; ಅದರ ಮುಂದೆ ಕುಳಿತ ಮನುಷ್ಯನು ಅದನ್ನು ಅಸಲೆಂದೇ ತಿಳಿದು ನಡೆಯಲಿ. ಇಬ್ಬರೂ ಒಂದೇ ಕಡೆಗೆ ವಾಲಿದರೆ ಕೆಲಸ ಕೆಟ್ಟಿತು.

ಮನುಷ್ಯನನ್ನು ಎಚ್ಚರಿಸುವ ಇನ್ನೊಂದು ಮಾರ್ಗವಿದೆ. ಗಿಟ್‌ಹಬ್ ತಾಣದಲ್ಲಿ ಒಂದು ಸಂಗ್ರಹವನ್ನು ಅಳಿಸಬೇಕಾದರೆ ಅದರ ಹೆಸರನ್ನು ಅಕ್ಷರಶಃ ಬರೆಯಬೇಕು. ‘ಹೌದು’ ಎಂಬ ಗುಂಡಿಯನ್ನು ಬೆರಳು ತಾನಾಗಿಯೇ ಒತ್ತುತ್ತದೆ. ಹೆಸರು ಬರೆಯುವಾಗ ಮನಸ್ಸು ಒಂದು ಕ್ಷಣವಾದರೂ ಬರಲೇಬೇಕಾಗುತ್ತದೆ.

ನಕಲನ್ನು ಅಸಲೆಂದು ಬಗೆಯುವುದರಿಂದ ಯಂತ್ರಕ್ಕೆ ನಷ್ಟವಿಲ್ಲದಿದ್ದರೂ ಲೋಕಕ್ಕೆ ಇರಬಹುದು. ತಾನು ನಕಲೆಂದು ನಕಲಿಗೇ ತಿಳಿಯದು. ಕಟ್ಟಿಹಾಕದಿದ್ದರೆ ಅದು ಎದ್ದೊಡನೆ ಹಳೆಯ ಬಿಲ್ಲುಗಳನ್ನು ಮತ್ತೆ ಕಳಿಸೀತು, ತೀರಿದ ಸಾಲವನ್ನು ಮತ್ತೆ ಕೇಳೀತು. ೨೦೨೧ರ ಜೂನ್ ತಿಂಗಳಲ್ಲಿ ಎಚ್.ಬಿ.ಓ. ಮ್ಯಾಕ್ಸ್‌ನ ಚಂದಾದಾರರಲ್ಲಿ ಅನೇಕರಿಗೆ, ಒಳಗಿನ ಪರೀಕ್ಷೆಗೆಂದೇ ಇದ್ದ ಒಂದು ಖಾಲಿ ಪತ್ರ ತಲಪಿತು. ಅಲ್ಲಿ ನಗೆಯಲ್ಲಿ ಮುಗಿಯಿತು.

ನಗೆಯಲ್ಲಿ ಮುಗಿಯದಿರಬಹುದಾಗಿದ್ದ ಪ್ರಸಂಗವು ವರ್ಚುಯಲ್ ಯಂತ್ರಗಳು ಎಲ್ಲೆಡೆ ಹಬ್ಬುವ ಮೊದಲಿನದು. ೧೯೭೯ರ ನವೆಂಬರ್ ೯ರಂದು ಅಮೆರಿಕದ ಕೊಲೊರಾಡೊದ ಶೈಯೆನ್ ಪರ್ವತದೊಳಗಿನ ನೋರಾಡ್ ರಕ್ಷಣಾ ಕೇಂದ್ರದ ಪರದೆಗಳ ಮೇಲೆ ಸೋವಿಯೆತ್ ಕ್ಷಿಪಣಿಗಳ ಭಾರಿ ದಾಳಿಯೊಂದು ಮೂಡಿತು. ಯುದ್ಧವಿಮಾನಗಳು ಮೇಲೆದ್ದವು. ಉಪಗ್ರಹಗಳನ್ನೂ ರಾಡಾರುಗಳನ್ನೂ ವಿಚಾರಿಸಿದರೆ ಆಕಾಶದಲ್ಲಿ ಏನೂ ಇಲ್ಲ! ಅಭ್ಯಾಸಕ್ಕಾಗಿ ಸಿದ್ಧಪಡಿಸಿದ್ದ ಕಾಲ್ಪನಿಕ ದಾಳಿಯ ಮಾಹಿತಿಯು ನಿಜವಾದ ಯಂತ್ರವ್ಯೂಹದೊಳಗೆ ಸೇರಿಕೊಂಡಿತ್ತು. ಅಂದಿನ ಪರದೆಯಲ್ಲಿ ಇದು ಅಭ್ಯಾಸ, ಇದು ನಿಜ ಎಂದು ಹೇಳುವ ಗುರುತು ಯಾವುದೂ ಇರಲಿಲ್ಲ. ಹೊರಗಿನ ಉಪಗ್ರಹ ರಾಡಾರುಗಳ ಸಾಕ್ಷ್ಯದಿಂದಲೇ ಕೆಲವು ನಿಮಿಷಗಳಲ್ಲಿ ಸತ್ಯ ಗೊತ್ತಾಯಿತು. ಆಮೇಲೆ ಅವರು ಬಣ್ಣವನ್ನೂ ಹೆಸರನ್ನೂ ನಂಬಿ ಕೂರಲಿಲ್ಲ. ಪರೀಕ್ಷೆಗಳನ್ನು ನಡೆಸುವುದಕ್ಕೆಂದೇ ಪರ್ವತದ ಹೊರಗೆ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಪ್ರತ್ಯೇಕ ಕೇಂದ್ರವನ್ನು ಏರ್ಪಡಿಸಿಕೊಂಡರು.